ಅರವತ್ತನಾಲ್ಕರೊಳಗೆ ಅರವತ್ತನಾಲ್ಕು

ಲೆಕ್ಕ ಮೊದಲೇ ಗೊತ್ತಿತ್ತು.
ಸ್ಪೆಕ್ಟ್ರಮ್ಮಿಗೆ ಹದಿನಾರು ಕೆ ಹುಟ್ಟುಬುದ್ಧಿ,
ನಲವತ್ತೆಂಟು ಕೆ ನೆನಪು,
ಕೂಡಿದರೆ ಅರವತ್ತನಾಲ್ಕು.
ನನ್ನ ಕಮೊಡೋರಿನಲ್ಲಿರುವುದೂ ಅಷ್ಟೇ,
ಒಂದು ಬೈಟು ಹೆಚ್ಚಿಲ್ಲ.

ಅದು ಒಳಗೆ ಬಂದು ಕೂತರೆ
ಬಾಗಿಲು ತೆರೆದವನಿಗೇ ನಿಲ್ಲಲು ಜಾಗವಿಲ್ಲ.
ಪರಕಾಯ ಪ್ರವೇಶಕ್ಕೆ ಹೊರಟವನು
ತನ್ನ ದೇಹವನ್ನು ಯಾವುದಾದರೂ ಗುಹೆಯಲ್ಲಿ ಬಚ್ಚಿಟ್ಟು ಹೋಗುತ್ತಾನೆ.
ಇಲ್ಲಿ ಗುಹೆಯೂ
ಅದೇ ದೇಹದೊಳಗೆ ಸಿಗಬೇಕು.

ಟೇ ನದಿಯ ಮೇಲೆ ಕಡಲಮಂಜು ಏರಿ
ರೈಲುಸೇತುವೆ ಅರ್ಧಕ್ಕೇ ಮುಗಿದುಹೋಗುವ ಏಪ್ರಿಲ್.
ಡಂಡೀಯ ಮೂರನೇ ಮಹಡಿಯಲ್ಲಿ ಕೂತು
ಬೈಟು ಹೆರೆಯುತ್ತಿದ್ದೆ.
ಪ್ರಿಂಟರಿನ ಕೋಡು ತೆಗೆದೆ, ಯಾರ ಬಳಿ ಇದೆ ಪ್ರಿಂಟರು?
ಕ್ಯಾಸೆಟ್ಟಿನ ಕೋಡು ತೆಗೆದೆ.
ಬೀಪ್ ಎನ್ನುವ ಆ ಒಂದೇ ಸದ್ದನ್ನೂ ತೆಗೆದೆ.
ನನ್ನ ಯಂತ್ರದ ಬೇಸಿಕ್ಕನ್ನೇ, ಅದರ ತಾಯ್ನುಡಿಯನ್ನೇ,
ಚಾಪೆಯಂತೆ ಸುತ್ತಿಟ್ಟು
ಅಡಿಯಲ್ಲಿದ್ದ ಎಂಟು ಕೆ ಗುಡಿಸಿಕೊಂಡೆ.
ಸಾಲಲಿಲ್ಲ.

ಗುರುವಾರ ನೆಟ್ಟಾ ಚಿಕ್ಕಮ್ಮ ಪೈ ಕಟ್ಟಿಸಿಕೊಂಡು ಬಂದಳು.

ಇದನ್ನು ಹೇಳಲೇಬೇಕು:
ಎಂಬತ್ತನಾಲ್ಕರಲ್ಲಿ ಅವಳು ಹಗಲಿಡೀ ಕಾರ್ಖಾನೆಯಲ್ಲಿ
ಸ್ಪೆಕ್ಟ್ರಮ್ ಬೆಸೆದು, ಬೆರಳಿಗೆ ರಾಳದ ವಾಸನೆ ಮೆತ್ತಿಕೊಂಡು
ನಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದಳು.
ಮನೆಮನೆಗೆ ಪೇಪರು ಹಾಕಿ ಕೂಡಿಟ್ಟ ದುಡ್ಡಲ್ಲಿ
ನಾನು ಕೊಂಡದ್ದು ಎದುರಾಳಿಯ ಯಂತ್ರ.
ಅವಳು ಬೈಯಲಿಲ್ಲ.
ಈಸ್ಟರಿನವರೆಗೆ ಮಾತೂ ಆಡಲಿಲ್ಲ.

"ಏನೋ ಇದು, ಡೂಗಲ್?"
"ನಿನ್ನದನ್ನು ನನ್ನದರೊಳಗೆ ಕೂರಿಸುತ್ತಿದ್ದೇನೆ.
ನಲವತ್ತೆಂಟು ಕೆ ಹಿಡಿಸುತ್ತಿಲ್ಲ."
ಕನ್ನಡಕದ ಮೇಲಿಂದ ನೋಡಿ ನಕ್ಕಳು.
"ನಲವತ್ತೆಂಟಂತೆ! ಅದರಲ್ಲಿ ಮೂವತ್ತೆರಡು
ಅರ್ಧ ಸತ್ತ ಚಿಪ್ಪಿನದು ಮಗು.
ಅರವತ್ತನಾಲ್ಕರ ಚಿಪ್ಪು, ಒಂದು ಮಗ್ಗುಲು ಕೆಟ್ಟದ್ದು.
ಈ ಅರ್ಧ ಜೀವಂತವೋ ಆ ಅರ್ಧವೋ ನೋಡಿ
ಇಷ್ಟುದ್ದ ತಂತಿ ಹಾಕಿದರೆ ಮುಗಿಯಿತು.
ಸತ್ತ ಅರ್ಧವನ್ನು ಯಾವ ಹುಡುಗನೂ ಕೇಳಲಿಲ್ಲ.
ಮೊದಮೊದಲಿನವಕ್ಕೆ ಹದಿನಾರೇ ಇದ್ದದ್ದು.
ಆಗ ಯಾರು ಅತ್ತರು?"

ಹದಿನಾರು.
ಕೊಟ್ಟೆ. ತಟ್ಟನೆ ಮನೆ ತುಂಬ ಜಾಗ.
ಕಿತ್ತೆಸೆದ ಬೀಪನ್ನು ಹೆಕ್ಕಿ ಒಳಗಿಟ್ಟೆ.

ಸ್ವಿಚ್ಚು ಹಾಕಿದ ಮೇಲೆ ಕತ್ತಲು.
ಎದ್ದೊಡನೆ ತನ್ನ ನೆನಪನ್ನು ತಾನೇ ತಡವಿ ನೋಡುವುದು
ಸ್ಪೆಕ್ಟ್ರಮ್ಮಿನ ಜಾಯಮಾನ.
ಒಂದೊಂದು ಗೂಡಿಗೂ ಎರಡೆರಡು ಕಾಳು ಹಾಕುತ್ತ ಹೋಗಿ
ಮರಳಿ ಬಂದು ಒಂದು ಕೇಳುತ್ತದೆ,
ಇನ್ನೊಂದು ಕೇಳುತ್ತದೆ,
ಕೊಟ್ಟ ಗೂಡು ಇದೆ ಎಂದು ಬರೆದುಕೊಳ್ಳುತ್ತದೆ.
ಅಲ್ಲಿ ಕಣ್ಣೆವೆ ಮುಚ್ಚುವಷ್ಟರಲ್ಲಿ ಆಗುತ್ತಿದ್ದದ್ದು
ನನ್ನ ಮುದಿಯಂತ್ರದೊಳಗೆ
ಎರಡು ಪೈ ತಿಂದು ಟೀ ಬಸಿಯುವಷ್ಟು ಹೊತ್ತು.
ಇಲ್ಲದ ಯಂತ್ರವೊಂದು
ಇನ್ನೊಬ್ಬರ ಗೂಡುಗಳನ್ನು ತನ್ನವೆಂದು ಎಣಿಸುತ್ತಿತ್ತು.
ನಾವು ಮಾತಾಡಲಿಲ್ಲ.

ಕೊನೆಗೆ ಪರದೆ ಬೆಳ್ಳಗಾಯಿತು.
ಕೆಳಗೆ ಒಂದು ಸಾಲು, ಇಸವಿ ಸಮೇತ.

ಚಿಕ್ಕಮ್ಮ ಪಿ ಒತ್ತಿದಳು. ಬೆರಳು ತೆಗೆದಳು.
ಬೆರಳನ್ನು ಸ್ಕರ್ಟಿಗೆ ಒರೆಸಿಕೊಂಡಳು.
ಆಮೇಲೆ ಬಂತು, ಒಂದೇ ಕೀಲಿಗೆ ಇಡೀ ಪದ:
ಪ್ರಿಂಟ್.

"ನಮ್ಮ ಸಾಲಿನಲ್ಲಿ ಬಂದಿದ್ದರೆ
ಕೆಂಪು ಡಬ್ಬಿಗೆ ಎಸೆಯುತ್ತಿದ್ದೆ ಇದನ್ನು"
ಎಂದು ಕುರ್ಚಿ ಹತ್ತಿರಕ್ಕೆಳೆದು
ಇನ್ನೊಂದು ಕೀಲಿ ಒತ್ತಿದಳು.