ಉಸುಕಿನ ಚೀಲ

ತೊಡಿಸಂದಿಯೊಳಗ
ಗುಬ್ಬಿ ಕುಕ್ಕಿದಷ್ಟು ಒಂದು ತೂತು.
ಅಲ್ಲಿಂದ ಹೊಕ್ಕೈತಿ ನಳಿಗಿ, ಶ್ಯಾವಿಗಿಯಷ್ಟು ಸಣ್ಣದು.
ನಾನು ಎಚ್ಚರ ಅದೀನಿ.
ತಲಿ ಮ್ಯಾಲಿನ ಟಿ.ವಿ.ಯೊಳಗ ನನ್ನ ಹೊಟ್ಟಿ ಕಾಣಾಕತ್ತೈತಿ,
ಬೂದಿಬಣ್ಣ, ನೀರು ಬಂದಾದ ಕಾಲುವಿ ತಳದಂಗ.

"ಹುಸೇನಪ್ಪ, ಉಸಿರು ಹಿಡೀರಿ," ಅಂತಾರ ಡಾಕ್ಟರ್ ತಸ್ನೀಮ್.
ಹಿಡೀತೀನಿ.
ಬಣ್ಣದ ನೀರು ಬಿಡತಾರ.
ಒಳಗ ಬೆಚ್ಚಗ ಹರೀತೈತಿ,
ಅರಿವ್ಯಾಗ ಉಚ್ಚಿ ಹೊಯ್ಕೊಂಡಂಗಾಗಿ ನಾಚಿಕಿ.
ಟಿ.ವಿ.ಯಾಗ ಮಾತ್ರ ಕರೀ ಗೆರಿ ಒಡದು ಒಡದು
ದೊಡ್ಡ ಕಾಲುವಿ, ಉಪಕಾಲುವಿ, ಹೊಲಗಾಲುವಿ.
ನನಗ ಯಾರೂ ಕಲಿಸಬೇಕಿಲ್ಲ ಇದನ್ನ.
ಇಪ್ಪತ್ತೆಂಟು ವರ್ಷ ಎಡದಂಡಿ ಕಾಲುವಿ ಗ್ಯಾಂಗ್‌ಮನ್;
ಗೇಟಿನ ತಿರುಪು, ಗ್ರೀಸು, ಬ್ಯಾಟರಿ, ಗೇಜಿನ ಲೆಕ್ಕ.
ನಿದ್ದಿಯೊಳಗ ಇನ್ನೂ ತಿರಗತೈತಿ ಕೈ.

ಹ್ವಾದ ವಾರ ರಕ್ತಪರೀಕ್ಷಿ ಚೀಟಿ ಹಿಂದ ಚಿತ್ರ ಬರದು ತೋರಿಸಿದ್ರು:
"ಲಿವರ್‌ಗೆ ಎರಡು ಕಡೆಯಿಂದ ರಕ್ತ.
ಕರುಳಿನ ಕಡೆಯಿಂದ ಬರೋದು ದೊಡ್ಡದು, ಅದು ಲಿವರಿನ ಊಟ.
ಇನ್ನೊಂದು ಈ ಸಣ್ಣ ಧಮನಿ. ಗಡ್ಡೆ ಬೆಳೆಯೋದು ಇದರ ಮೇಲೆ."
ಹಂಗಾದ್ರ ನಮ್ಮ ರಾಯಚೂರಿನಂಗ ಬಿಡ್ರಿ, ಅಂದೆ,
ಆ ಕಡಿ ಕೃಷ್ಣಾ, ಈ ಕಡಿ ತುಂಗಭದ್ರಾ.
ನಕ್ಕರು. "ಕೃಷ್ಣಾಕ್ಕೆ ಕೈ ಹಚ್ಚೋದಿಲ್ಲ ನಾವು," ಅಂದ್ರು.

ಗಡ್ಡಿ ಅಂದ್ರ ಏನಂತ ಆವಾಗ ತಿಳೀತು.
ಮ್ಯಾಲಿನ ಮೈಲಿನಾಗ, ರಾತ್ರೋರಾತ್ರಿ
ದಂಡಿ ಕೊರದು ಹುಗದ ಪೈಪು.
ತನ್ನ ಪಾಲಲ್ಲದ ನೀರು ಕುಡದು
ಕೊಬ್ಬಿ ನಿಂತ ಭತ್ತ.
ಕೊನೀ ತೂಬಿನಾಗ ಕಪ್ಪಿ ಸೈತ ಇಲ್ಲ.

ಅಂಥ ಪೈಪು ಎಷ್ಟು ಕೀಳಿಸೀನಿ.
ಒಂದನ್ನ ನೋಡಿ ನೋಡಲಾರದಂಗ ಹೋಗೀನಿ.
ಶರಣೇಗೌಡರದು ಅದು, ಎಂಟಿಂಚಿಂದು.
ಎರಡು ಚೀಲ ಸೋನಾಮಸೂರಿ ಮನಿಗಿ ಬಂದಿದ್ದವು,
ಹಂಪಮ್ಮ ಅವತ್ತ ಅನ್ನಕ್ಕಿಟ್ಟಳು,
ಓಣಿ ತುಂಬ ಘಮ.

"ಮೇಡಂರೀ, ಆ ಅನ್ನ ಇದು, ಒಳಗ ಗಂಟಾಗಿ ಕುಂತದ್ದು?"
"ಅಲ್ಲಪ್ಪ. ಯಾವಾಗಿನದೋ ಕಾಮಣಿ. ವೈರಸ್ಸು.
ಅದಕ್ಕೆ ನಿಮ್ಮ ಅಕ್ಕಿ ಲೆಕ್ಕ ಗೊತ್ತಿಲ್ಲ.
ಮತ್ತೊಮ್ಮೆ ಉಸಿರು ಹಿಡೀರಿ."

ಎರಡು ಸಿರಿಂಜಿನ ನಡುವ ಆ ಕಡಿ ಈ ಕಡಿ ನೂಕಿ ಕಲಸತಾರ
ಕೆಂಪು ಔಷಧ, ಎಣ್ಣಿ.
ಎಂಥ ಎಣ್ಣಿರಿ?
"ಗಸಗಸೇದು."
ಪಾಯಸದ ಗಸಗಸಿ! ಅದರ ಸಂಗ್ತಿ ವಿಷ ಕಳಸತಾರ,
ಹೋಗಿ ಗಡ್ಡ್ಯಾಗ ಕುಂತಬಿಡತೈತಂತ, ಜಲ್ದಿ ಏಳೂದಿಲ್ಲಂತ.
ಹಿಂದಿಂದ ಸ್ಪಂಜಿನ ಚೂರು. ಗೇಟು ಬಂದ್.
ಟಿ.ವಿ.ಯಾಗ ಒಂದು ಟೊಂಗಿ ಇತ್ತು, ಈಗಿಲ್ಲ.
ನಾನು ಮುಚ್ಚಲಾರದ್ದನ್ನ ಒಂದು ತಾಸಿನಾಗ
ಮುಚ್ಚಿದಳು, ನನ್ನ ಮಗಳ ವಾರಗಿ ಹುಡುಗಿ.

ನೋವು ಸಂಜಿಗಿ ಬಂತು.
ಬಲಪಕ್ಕಡಿ ಕೆಳಗ ಯಾರೋ ಹಾರಿ ಹಾಕಿ ಪೈಪು ಕೀಳಾಕತ್ತಾರ.
ಚಳಿ. ವಾಂತಿ. ಹಂಪಮ್ಮ ತಟ್ಟಿ ಹಿಡದ್ಲು,
"ಆರಾಮಾತೇನ್ರಿ ಇನ್ನ?" ಅಂತ ಡಾಕ್ಟರನ್ನ ಕೇಳಿದ್ಲು.
"ಆರು ವಾರ ಬಿಟ್ಟು ಸ್ಕ್ಯಾನ್ ಮಾಡೋಣಮ್ಮ.
ಕೆಲವು ಸಲ ಬೇರೆ ದಾರಿ ಹುಡುಕತದೆ ಅದು."
ಆಕಿಗಿ ತಿಳೀಲಿಲ್ಲ. ನನಗ ತಿಳೀತು.
ಕಿತ್ತ ಪೈಪು ಎಂಟು ದಿನಕ್ಕ
ಹತ್ತು ಮಾರು ಆಚಿ ಮತ್ತ ಹುಟ್ಟತಿದ್ದವು.

ಆರು ತಾಸು ಕಾಲು ಮಡಚಂಗಿಲ್ಲ.
ತೂತಿನ ಮ್ಯಾಲೆ ಉಸುಕಿನ ಚೀಲ ಇಟ್ಟಾರ.
ಕಾಲುವಿ ಒಡದಾಗ ನಾವೂ ಅದನ್ನ ಇಡತಿದ್ದಿವಿ,
ಎದಿಮಟ ನೀರಾಗ ನಿಂತು, ಒಬ್ಬರ ಹೆಸರು ಒಬ್ಬರು ಕೂಗಿಕೋತ.
ಇದು ಸಣ್ಣದು, ಬಿಳೀ ಅರಿವಿದು, ಒಂದು ಕಡಿ ಹೊಲಿಗಿ ಬಿಟ್ಟೈತಿ.
ಬೆರಳಿಗಿ ನಾಕು ಹಳಕು ಹತ್ತಿದ್ವು. ತಿಕ್ಕಿ ನೋಡಿದೆ.

ಯಾವ ಹೊಳಿ ಉಸುಕವ್ವ ಇದು, ಅಂದೆ ನರ್ಸಮ್ಮಗ.
ಬಿ.ಪಿ. ಬರಕೋಳಾಕತ್ತಿದ್ದಳು, ತಲಿ ಎತ್ತಲಿಲ್ಲ.
"ಗೊತ್ತಿಲ್ಲರಿ. ಅಳ್ಳಾಡಬ್ಯಾಡ್ರಿ."