ಐದು ನಲವತ್ತರ ಬಸ್ಸು

ಠಾಣೆಯಲ್ಲಿ ನಾನು ಬರೆಸಿದ್ದು ಒಂದೇ ಮಾತು:
ಕಾಣಲಿಲ್ಲ ಸಾರ್.
ರೈಟರು ಬರೆದುಕೊಂಡರು, ನಾನು ಸಹಿ ಹಾಕಿದೆ,
ಮಾಲಕರು ಹೊರಗೆ ಫೋನಿನಲ್ಲಿದ್ದರು.

ಕಂಡಿತ್ತು.

ಕೂಳೂರು ಸಂಕ ದಾಟುವ ಮೊದಲೇ ಕಂಡಿತ್ತು:
ಬಿಂಬುಳಿ ಕಾಯಿಗೆ ಬೆಂಕಿ ಹತ್ತಿದಂಥ ಬಣ್ಣ,
ಬೆನ್ನ ಮೇಲೆ ಎರಡು ಬೆಳ್ಳಿ ಪಟ್ಟಿ,
ಪೆಡಲು ತುಳಿದ ಹಾಗೆ ಅತ್ತ ಒಮ್ಮೆ ಇತ್ತ ಒಮ್ಮೆ ವಾಲುತ್ತ.
ಐತಪ್ಪ ಮೂಲ್ಯ, ಹಂಚಿನ ಗೋಡೌನಿನ ರಾತ್ರಿ ವಾಚ್‌ಮನ್.
ಹೆಸರು ಆಗ ಗೊತ್ತಿರಲಿಲ್ಲ. ಬಣ್ಣ ಗೊತ್ತಿತ್ತು.

ಅದು ಬಂದರಿನ ಜಾಕೆಟು. ಮಗಳು ಹರಿಣಾಕ್ಷಿಗೆ
ಪಣಂಬೂರಿನಲ್ಲಿ ಗುತ್ತಿಗೆ ಕೆಲಸ; ಕಲ್ಲಿದ್ದಲು ಲಾರಿಗಳ ನಡುವೆ
ನಿಂತು ಚೀಟಿ ಬರೆಯುವವಳು. ವರ್ಷಕ್ಕೆರಡು ಕೊಡುತ್ತಾರಂತೆ.
ಒಂದನ್ನು ಅಪ್ಪನಿಗೆ ತೊಡಿಸಿದಳು:
"ಇದು ಹಾಕಿದರೆ ಯಾವ ಬಸ್ಸಿನವನೂ
ಕಾಣಲಿಲ್ಲ ಅನ್ನುವ ಹಾಗಿಲ್ಲ."

ಅವಳ ಲೆಕ್ಕ ಸರಿಯೇ ಇತ್ತು.
ಅವಳಿಗೆ ಗೊತ್ತಿಲ್ಲದ್ದು ಸುರತ್ಕಲ್ಲಿನ ಟೈಮ್‌ಕೀಪರನ ವಾಚು.
ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವ
ನನ್ನ ಜನರನ್ನು ಬಾಚಿಕೊಂಡು ಹೋಗುತ್ತಾನೆ,
ದಂಡ ನನ್ನ ಸಂಬಳದಿಂದ.

ದೂರದಿಂದ ಕಂಡದ್ದೇ ನನಗೆ ಧೈರ್ಯ ಕೊಟ್ಟಿತು ನೋಡಿ.
ಕಂಡವನನ್ನು ಅಳೆಯಬಹುದು: ಇಷ್ಟು ಅಗಲ, ಇಷ್ಟು ವೇಗ,
ಇಷ್ಟು ಜಾಗ ಸಾಕು, ಬದಿಗೆ ಹೋದಾನು.
ಕತ್ತಲಲ್ಲಿ ಏನೋ ಅಲುಗಿದರೆ
ದನವೋ ದೆವ್ವವೋ ಎಂದು ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ.
ಆ ಬಣ್ಣಕ್ಕೆ ಹೆದರುವಂಥದ್ದೇನಿರಲಿಲ್ಲ.
ಹಾರ್ನು ಹೊಡೆದೆ, ಅಷ್ಟೇ.

ಬಸ್ಸಿನ ಎಡಮೈ ಹ್ಯಾಂಡಲಿಗೆ ತಾಗಿದ ಸದ್ದು
ಒಂದು ಗೆರಟೆ ಒಡೆದಷ್ಟು. ಆಮೇಲೆ ಬುತ್ತಿ ಪಾತ್ರೆ
ತುಂಬ ಹೊತ್ತು ಉರುಳಿತು.
ತೋಳೆತ್ತಲು ಆಗದ್ದಕ್ಕೆ ವೆನ್ಲಾಕಿನಲ್ಲಿ
ಜಾಕೆಟನ್ನು ಕತ್ತರಿಯಿಂದ ಸೀಳಿದರು.

ಮೂಲ್ಕಿಯ ಕ್ಯಾಂಟೀನಿನಲ್ಲಿ ಗೋಳಿಬಜೆ ಮುರಿಯುತ್ತ ಕಂಡಕ್ಟರ್ ಮೋನಪ್ಪ:
"ಸೈಕಲಿನವರಿಗೆಲ್ಲ ಜಾಕೆಟು ಕಡ್ಡಾಯ ಮಾಡಬೇಕು ಮಾರಾಯ್ರೆ."
"ಅವ ಹಾಕಿದ್ದ," ಅಂದೆ.
"ಹಾಗಾದರೆ ಜಾಕೆಟಿನಿಂದ ಎಂತ ಪ್ರಯೋಜನ?"
ಎರಡೂ ಮಾತು ಒಂದೇ ಬಾಯಿಂದ,
ಒಂದು ಗೋಳಿಬಜೆ ಮುಗಿಯುವ ಮೊದಲು.

ಆ ಬೆಳ್ಳಿ ಪಟ್ಟಿಗೆ ಸ್ವಂತ ಬೆಳಕಿಲ್ಲ.
ನನ್ನ ಹೆಡ್‌ಲೈಟನ್ನೇ ತಿರುಗಿಸಿ ನನ್ನ ಕಣ್ಣಿಗೆ ತಂದಿಡುತ್ತದೆ,
ಪಡೆದ ಸಾಲ ಆ ಕ್ಷಣವೇ ವಾಪಸು ಮಾಡುವ ಮರ್ಯಾದಸ್ಥನ ಹಾಗೆ.
ಅಲ್ಲಿಗೆ ಅದರ ಕೆಲಸ ಮುಗಿಯಿತು.

ನಾಲ್ಕು ತಿಂಗಳ ಮೇಲೆ ಐತಪ್ಪಣ್ಣ ಮತ್ತೆ ಸೈಕಲಿನಲ್ಲಿ.
ಖಾಕಿ ಅಂಗಿ, ಎಡ ಭುಜ ಚೂರು ಕೆಳಗೆ, ಜಾಕೆಟಿಲ್ಲ.
ಕತ್ತಲು ಎಲ್ಲಿ ಮುಗಿದು ಅವರು ಎಲ್ಲಿ ಶುರು, ತಿಳಿಯುವುದಿಲ್ಲ.
ಈಗ ಕೊಟ್ಟಾರ ಬಿಟ್ಟ ಕೂಡಲೇ ಹುಡುಕಲು ತೊಡಗುತ್ತೇನೆ.
ಸಿಗದಿದ್ದ ಬೆಳಿಗ್ಗೆ ಬೈಕಂಪಾಡಿವರೆಗೂ
ಕಾಲು ಆಕ್ಸಿಲೇಟರಿಗೆ ಸರಿಯಾಗಿ ಕೂರುವುದಿಲ್ಲ.
ಸಿಕ್ಕರೆ ಒಂದು ಮಾರು ಬಿಟ್ಟು ಬಲಕ್ಕೆ.
ಟೈಮ್‌ಕೀಪರ್ ಬರೆದುಕೊಳ್ಳುತ್ತಾನೆ: ಮೂರು ನಿಮಿಷ.

ಹಾಗೆಂದು ಕತ್ತಲೇ ಕ್ಷೇಮ ಎನ್ನಲಾರೆ.
ನನ್ನ ಹಿಂದಿನ ಗ್ಯಾಸ್ ಟ್ಯಾಂಕರಿನವ ಅವರನ್ನು ಬೀಳಿಸಿಲ್ಲ,
ಅವ ಯಾಕೆ ಹುಡುಕುತ್ತಾನೆ?
ಬಂದರಿನ ಅಂಗಡಿಯಲ್ಲಿ ನೂರ ಎಂಬತ್ತು ಕೊಟ್ಟು
ಹೊಸತೊಂದು ತಂದೆ, ಅದೇ ಬಣ್ಣ.
ಮೂರು ವಾರವಾಯಿತು. ನನ್ನ ಸೀಟಿನಡಿ, ಜಾಕಿಯ ಪಕ್ಕ,
ಪ್ಲಾಸ್ಟಿಕ್ಕು ಬಿಚ್ಚದೆ.
ಕೊಡುವುದಾದರೆ ಅದರೊಟ್ಟಿಗೆ
ಇನ್ನೊಂದು ಮಾತೂ ಕೊಡಬೇಕಲ್ಲ.

ನಿನ್ನೆ ಸ್ಪ್ಯಾನರು ಹುಡುಕಲೆಂದು ಕ್ಲೀನರ್ ಹುಡುಗ
ಸೀಟಿನಡಿಗೆ ಟಾರ್ಚು ಬಿಟ್ಟ.
"ಅಣ್ಣ, ಒಳಗೆ ಎಂತದೋ ಉಂಟು,
ಕಣ್ಣಿಗೇ ಹೊಡೀತದೆ."