ಅಳತೆ ಚೀಟಿ

ಕೆನೆಮಾ ಊರಿನ ಹಾಂಗಾ ರಸ್ತೆಯ ತಿರುವಿನಲ್ಲಿ ನನ್ನ ಅಂಗಡಿ.
ಏಳಕ್ಕೆ ಕರೆಂಟು ಹೋದರೆ ನನ್ನ ಸೋಲಾರ್ ದೀಪವೊಂದೇ ದೀಪ;
ಅದಕ್ಕೇ ವಾಂಡಿ ಮಾಸ್ತರು ಬಂದು ಕೇಳಿದರು:
‘ಫೋಡೆ, ನೀನು ಹೊಲಿ, ನಾವು ಓದುತ್ತೇವೆ.’

ಬಾಡಿಗೆ ಇಲ್ಲ. ತಿಂಗಳಿಗೊಂದು ಕಟ್ಟು ಮರಗೆಣಸಿನ ಸೊಪ್ಪು.
ಜೆನೆಬಾ, ತಾಂಬಾ, ಮಾತು ಕಡಿಮೆಯ ಹಿಂದೋವಾ,
ಫ್ರೀಟೌನಿನ ಮೆಡಿಕಲ್ ಕಾಲೇಜಿನ ಬಾಗಿಲು ತಟ್ಟ ಹೊರಟ ಮೂವರು
ಬಟ್ಟೆಯ ಉರುಳೆಗಳ ಮೇಲೆ ಕೂತು ಬಾಯಿಪಾಠ ಮಾಡುತ್ತಾರೆ.
ನನ್ನ ಕಾಲು ಪೆಡಲಿನ ಮೇಲೆ, ಕಿವಿ ಅವರ ಮೇಲೆ.

‘ಡಿಎನ್‌ಎ ಇದ್ದರೆ ಆರ್‌ಎನ್‌ಎ ಇಲ್ಲ,
ಆರ್‌ಎನ್‌ಎ ಇದ್ದರೆ ಡಿಎನ್‌ಎ ಇಲ್ಲ.
ಬ್ಯಾಕ್ಟೀರಿಯಾ ತಡೆಯುವ ಜರಡಿಯಲ್ಲಿ ಇದು ಜಾರಿಹೋಗುತ್ತದೆ.
ಉಣ್ಣದು, ಉಸಿರಾಡದು, ಬೆಳೆಯದು.
ಹೊರಗೆ ಹರಳು, ಒಳಗೆ ಅರಸು.’

ಮೊದಲ ವಾರ ನನಗೇನೂ ಹತ್ತಲಿಲ್ಲ.
ಎರಡನೆಯ ವಾರ, ಕಾಲರಿಗೆ ಕ್ಯಾನ್ವಾಸ್ ಕೂರಿಸುವಾಗ ಹೊಳೆಯಿತು:
ಅರೆ, ಇದು ಅಳತೆ ಚೀಟಿ!
ಚೀಟಿಗೆ ಕತ್ತರಿ ಇಲ್ಲ, ಸೂಜಿ ಇಲ್ಲ, ಕೈಯಿಲ್ಲ.
ಯಾವುದೋ ಗಿರಾಕಿಯ ಜೇಬಿನಿಂದ ಮೇಜಿಗೆ ಬಿದ್ದು
ನನ್ನದೇ ಮಿಷನ್ನು, ನನ್ನದೇ ದಾರ, ನನ್ನದೇ ಕಾಲು ದುಡಿಸಿಕೊಂಡು
ಹೇಳುತ್ತದೆ: ಬರೆ. ನನ್ನನ್ನೇ ಬರೆ. ಇನ್ನೊಂದು. ಇನ್ನೊಂದು.
ಮದುವೆಯ ಗೌನು ಅರ್ಧಕ್ಕೇ ನಿಂತಿದೆ,
ಶಾಲೆಯ ಚಡ್ಡಿಗಳಿಗೆ ಗುಂಡಿ ಹಚ್ಚಿಲ್ಲ,
ಅಂಗಡಿ ತುಂಬ ಚೀಟಿ, ಗೋಡೆ ಬಿರಿಯುವಷ್ಟು ಚೀಟಿ.

ಹೇಳಿದೆ. ತಾಂಬಾ ನಕ್ಕ. ಮಾಸ್ತರು ನಗಲಿಲ್ಲ.
‘ಹಾಗೆ ಬಿರಿಯುವುದಕ್ಕೆ ಲೈಸಿಸ್ ಅಂತಾರೆ,’ ಎಂದರು,
‘ಬರೆದುಕೊಳ್ಳಿ.’

ಮೇಲೆ, ತಗಡಿನ ಕೆಳಗೆ, ಸರಸರ.
ಎಲ್ಲರೂ ಒಮ್ಮೆ ತಲೆಯೆತ್ತಿದರು.
ಮಾಸ್ತರು ಇಪ್ಪತ್ತೆರಡು ವರ್ಷ ಲಸ್ಸಾ ವಾರ್ಡಿನ ಲ್ಯಾಬಿನಲ್ಲಿ
ರಕ್ತದ ಟ್ಯೂಬುಗಳಿಗೆ ಹೆಸರು ಅಂಟಿಸಿದವರು.
ಅದರಲ್ಲಿ ಎರಡು ಹೆಸರು ಅವರ ಮನೆಯವೇ
ಎಂದು ಊರು ಹೇಳುತ್ತದೆ; ಅವರು ಹೇಳಿಲ್ಲ.
ಹೇಳಿದ್ದು ಇಷ್ಟೇ: ‘ಇಲಿಗೆ ಜ್ವರ ಬರುವುದಿಲ್ಲ.’

ಉಂಡ ಮನೆಯ ಜಂತೆ ಎಣಿಸಬಾರದು.
ಇಲಿ ಎಣಿಸುತ್ತದೆ. ಎಣಿಸುತ್ತ ಎಣಿಸುತ್ತ
ತೆರೆದಿಟ್ಟ ಅಕ್ಕಿಯ ಮೇಲೆ ಒಂದು ಹನಿ.

‘ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಲಸ್ಸಾ ಹೇಗೆ ಕಾಣುತ್ತದೆ?’
‘ಚೀಲದೊಳಗೆ ಮರಳು,’ ಎಂದಳು ಜೆನೆಬಾ, ಪುಟ ನೋಡದೆ.
‘ಏನದು ಮರಳು?’
‘ರೈಬೋಸೋಮ್.’
‘ಯಾರದು?’
ಅವಳು ತಡೆದಳು. ‘ನಮ್ಮದು.’
ಹೊದಿಕೆಯೂ ನಮ್ಮದೇ. ಹೊರಡುವಾಗ
ನಮ್ಮ ಕೋಶದ ಪರದೆಯಲ್ಲೇ ಒಂದು ತುಂಡು ಹರಿದು ಹೊದೆಯುತ್ತದೆ;
ಅಂಚು ಮಡಿಸಿ ಹೊಲಿಯುವ ವ್ಯವಧಾನವಿಲ್ಲ.
ಕೊಬ್ಬಿನ ಬಟ್ಟೆ. ಸೋಪು ತಾಗಿದರೆ ಬಿಚ್ಚಿಹೋಗುತ್ತದೆ.
‘ಕಳ್ಳನಿಗೆ ಕದ್ದ ಅಂಗಿಯೇ ಉರುಳು,’ ಎಂದೆ ನಾನು.
‘ಅದು ಪರೀಕ್ಷೆಗೆ ಬರೋಲ್ಲ ಫೋಡೆ,’ ಎಂದ ತಾಂಬಾ.

ಹದಿನೇಳನೆಯ ಪ್ರಶ್ನೆ: ವೈರಸ್ಸಿಗೆ ಜೀವವಿದೆಯೇ?
ಎ, ಹೌದು. ಬಿ, ಇಲ್ಲ.
ಸಿ, ಆತಿಥೇಯ ಕೋಶದೊಳಗೆ ಮಾತ್ರ. ಡಿ, ಹೇಳಲಾಗದು.
ಹಿಂದೋವಾ ಪೆನ್ನು ಕಚ್ಚಿಕೊಂಡು ಕೂತ.
ಅವನ ತಂಗಿ ಹೋದ ಒಣಗಾಲದಲ್ಲಿ ವಾರ್ಡಿನಿಂದ ಮರಳಿದಳು,
ಎಡಗಿವಿ ಮರಳಲಿಲ್ಲ.
ಮನೆಯಲ್ಲಿ ಅವಳ ಬಲಕ್ಕೆ ಕೂತು ಗಟ್ಟಿಯಾಗಿ ಓದುತ್ತಾನಂತೆ,
ಕ್ಯಾಪ್ಸಿಡ್, ಕ್ಯಾಪ್ಸೋಮಿಯರ್, ಇಪ್ಪತ್ತು ಮುಖದ ಚೆಂಡು;
ಅವಳಿಗೆ ಎಂಟು ವರ್ಷ, ಚೆಂಡು ಎಲ್ಲಿ ಎಂದು ಕೇಳುತ್ತಾಳಂತೆ.
‘ಸಿ ಹಾಕು,’ ಎಂದರು ಮಾಸ್ತರು, ‘ಅಂಕ ಅದಕ್ಕೇ.’
ಅವನು ಸಿ ಹಾಕಿದ.
ಡಿ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟದ್ದನ್ನು ನಾನು ನೋಡಿದೆ.

ಅವರು ಹೋದಮೇಲೆ ದೀಪ ಮಂಕಾಯಿತು.
ಅಕ್ಕಿ ಡ್ರಮ್ಮಿನ ಮುಚ್ಚಳ ಒತ್ತಿ
ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟೆ.
ಕೈ ತೊಳೆದೆ. ಮತ್ತೊಮ್ಮೆ ತೊಳೆದೆ.
ಗೌನಿನ ಒಂದು ತೋಳು ಬಾಕಿ ಇತ್ತು; ಪೆಡಲು ತುಳಿದೆ.
ಮೇಲೆ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು.